ತುದಿ ಮುರಿಯದ ಹುಲ್ಲು

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರು ಎತ್ತಿನ ಕೊಂಬಿನ ಪಟ್ಟಿ ಬಿಚ್ಚಿದರು. ಎಲ್ಲಕ್ಕಿಂತ ಒಳಗಿನ ಪದರಿನಲ್ಲಿ ಒಂದು ಹುಲ್ಲಿನ ಎಳೆ ಇತ್ತು.

ಮೊದಲು ಬಂದದ್ದು ವಾಸನೆ. ನಾನು ದಫ್ತರ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ರಕ್ತ ಕಂಡರೆ ನನಗೆ ತಲೆ ತಿರುಗುತ್ತದೆ. ಆದ್ದರಿಂದ ಡಾಕ್ಟರು ಹೇಳಿದ್ದನ್ನು ಗೋಡೆ ನೋಡುತ್ತ ಬರೆದುಕೊಳ್ಳುವುದು ನನ್ನ ರೂಢಿ.

"ಬರೀರಿ, ಯಮುನಾಬಾಯಿ. ಮ್ಯಾಲಿನ ಪದರು ಒಣಗೇದ. ಎರಡನೇದು ಹಳದಿ. ಮೂರನೇದು—"

"ಮೂರನೇದು ಏನ್ರಿ?"

"ಹುಲ್ಲು," ಎಂದರು ಮಾರ್ತಾಂಡ ಡಾಕ್ಟರು. "ಕೀವಿನೊಳಗ ಹುಲ್ಲು!"

ಎತ್ತಿನ ಮೂಗುದಾರ ಹಿಡಿದಿದ್ದ ಮರ್ದಾನಸಾಬ ತಲೆ ಎತ್ತಿದ. ಡಾಕ್ಟರು ಆಗಲೇ ಅವನನ್ನು ನೋಡುತ್ತಿದ್ದರು. ಅವನ ಹೆಗಲ ಮೇಲಿನ ಟವಲಿಗೆ ಎರಡು ಕಡ್ಡಿ ಅಂಟಿಕೊಂಡಿದ್ದವು.

ಆ ಎಳೆಯನ್ನು ಡಾಕ್ಟರು ಚಿಮಟದಿಂದಲೇ ಸ್ಪಿರಿಟ್ ಸೀಸೆಗೆ ಹಾಕಿ, ಬೂಚು ಜಡಿದು, ತಮ್ಮ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದರು. ಸೀಸೆಗೆ ಚೀಟಿ ಬರೆದವಳು ನಾನೇ. ಆದರೆ ಒಳಗೇನಿದೆ ಎಂದು ಆ ದಿನ ನೋಡಲಿಲ್ಲ. ಕೀವು ಹತ್ತಿದ್ದನ್ನು ನೋಡುವ ಧೈರ್ಯ ನನಗಿರಲಿಲ್ಲ.

ರವಿವಾರ ಎತ್ತು ಸತ್ತಿತು. ಯಳವತ್ತಿಯ ದ್ಯಾಮಪ್ಪನದು. ಬಿಳಿ ಎತ್ತು, ಐದು ವರ್ಷದ್ದು. ಕೊಂಬಿನ ಬುಡದಲ್ಲಿ ಹುಣ್ಣಾಗಿ ಹಿಂದಿನ ಮಂಗಳವಾರ ಕೊಂಬು ತೆಗೆಯಬೇಕಾಗಿ ಬಂದಿತ್ತು. ತೆಗೆದರೆ ಉಳಿಯುತ್ತದೆ ಎಂದು ಮಾತು ಕೊಟ್ಟವರು ಡಾಕ್ಟರು. ಅವರು ಅದೇ ಸಂಜೆ ಮಂಡಳಿಗೆ ಪತ್ರ ಹೇಳಿ ಬರೆಸಿದರು: 'ಸಿಪಾಯಿ ಮರ್ದಾನಸಾಬನ ಅಲಕ್ಷ್ಯದಿಂದ ಮೇವಿನ ಹುಲ್ಲು ಗಾಯದೊಳಗೆ ಸೇರಿ ಎತ್ತು ಸತ್ತಿದೆ. ಅವನನ್ನು ಕೆಲಸದಿಂದ ತೆಗೆಯಬೇಕು.'

ನಾನು ಬರೆದೆ. ನನ್ನ ಅಕ್ಷರ ದುಂಡಗಿವೆ ಎಂದು ಎಲ್ಲರೂ ಹೇಳುತ್ತಾರೆ. ಆ ಪತ್ರದಲ್ಲಿಯೂ ದುಂಡಗೇ ಬಂದವು.

ನಮ್ಮ ದವಾಖಾನೆ ಪಶು ಹಿತ ಮಂಡಳಿಯದು. ಲಕ್ಷ್ಮೇಶ್ವರದ ಹೊರಗೆ, ಶಿರಹಟ್ಟಿ ರಸ್ತೆಯ ಬದಿಗಿದೆ. ಸಂಸ್ಥಾನದ ಕಾಲಕ್ಕೆ ಅದು ಕುದುರೆ ಲಾಯವಾಗಿತ್ತು. ಮಾರ್ತಾಂಡ ಡಾಕ್ಟರು ಬಂದ ಮೇಲೆ ಅದರ ಒಂದು ತುದಿ ಆಪರೇಶನ್ ಖೋಲಿಯಾಯಿತು. ನೆಲಕ್ಕೆ ಶಹಾಬಾದಿ ಫರಸಿ ಕಲ್ಲು, ಪಡುವಣಕ್ಕೆ ಇಳಿಜಾರು, ಇಳಿಜಾರಿನ ಕೊನೆಗೆ ಮೋರಿ. ಪಡುವಣ ಬಾಗಿಲು ದನಕ್ಕೆ, ಮೂಡಣ ಬಾಗಿಲು ಮನುಷ್ಯರಿಗೆ. ನಡುವೆ ಬಿಳಿ ಗೆರೆ. ಗೆರೆಯ ಮೂಡಣಕ್ಕೆ ಕಪಾಟು, ಕೈ ತೊಳೆಯುವ ತೊಟ್ಟಿ, ಕುದಿಸಿ ಮುಚ್ಚಿದ ನೀರಿನ ಹಂಡೆ, ಹಬೆಯಲ್ಲಿ ಬೇಯಿಸಿದ ಪಟ್ಟಿ ಬಟ್ಟೆ ತುಂಬಿದ ನಿಕ್ಕಲ್ ಡಬ್ಬಿ. ದನದ ಕಾಲು ಗೆರೆ ದಾಟಬಾರದು. ದನ ಮುಟ್ಟಿದ ಕೈಯೂ, ತೊಳೆಯದೆ, ಗೆರೆ ದಾಟಬಾರದು.

"ಗೋಡಿ ಮ್ಯಾಲ ಇಂಗ್ಲೀಷ್ ಬ್ಯಾಡ, ಮರಾಠೀನೂ ಬ್ಯಾಡ," ಎಂದಿದ್ದರು ಡಾಕ್ಟರು. "ಇವತ್ತಲ್ಲ ನಾಳೆ ಕರ್ನಾಟಕ ಒಂದಾಗೂದದ. ಮಂದಿಗೆ ತಿಳಿಯೂಹಂಗ ಕನ್ನಡದಾಗ ಬರೀರಿ."

ಎರಡು ದಿನ ಯೋಚಿಸಿ, ಮೂಡಣ ಗೋಡೆಗೆ 'ಮಡಿ' ಎಂದೂ ಪಡುವಣ ಗೋಡೆಗೆ 'ಮೈಲಿಗೆ' ಎಂದೂ ಕೆಂಪು ಬಣ್ಣದಲ್ಲಿ ಬರೆದೆ. ಡಾಕ್ಟರು ನಕ್ಕು "ಭೇಷ್!" ಎಂದರು. ಅಂದಿನಿಂದ ಅವರೂ ಹಾಗೇ ಹೇಳತೊಡಗಿದರು: ಈ ಡಬ್ಬಿ ಮಡಿಯೊಳಗ ಅದ, ಆ ಕತ್ತರಿ ಮೈಲಿಗಿ ಆತು. ಅವರ ಆ 'ಭೇಷ್' ನನ್ನ ಡೈರಿಯಲ್ಲಿ ತಾರೀಖು ಸಹಿತ ಇದೆ.

ಅಲ್ಲಿ ಕೆಲಸಕ್ಕಿದ್ದವರು ನಾಲ್ಕೇ ಜನ. ಡಾಕ್ಟರು, ಬಿ.ಎ. ಮುಗಿಸಿ ಕಾರಕೂನಳಾಗಿ ಸೇರಿದ ನಾನು, ಕಂಪೌಂಡರ್ ದತ್ತಾತ್ರಿ ಕಾಕಾ, ಸಿಪಾಯಿ ಮರ್ದಾನಸಾಬ. ಕಾಕಾ ನಮ್ಮ ಓಣಿಯವರೇ, ಗುಡಿಯ ಅರ್ಚಕರ ಮನೆತನ. ಖೋಲಿಯ ಕೀಲಿಗಳು ಎರಡು: ಒಂದು ಮರ್ದಾನಸಾಬನ ಉಡಿದಾರದಲ್ಲಿ, ಇನ್ನೊಂದು ಕಾಕಾನ ಜನಿವಾರದಲ್ಲಿ. ಮರ್ದಾನಸಾಬನಿಗೆ ಏನು ಕೊಡುವುದಿದ್ದರೂ ಕಾಕಾ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವನು ಒಂದು ಸೀಸೆಯನ್ನೂ ಕೆಳಗೆ ಬೀಳಿಸಿರಲಿಲ್ಲ.

ವಿಚಾರಣೆಗೆ ಮಂಡಳಿಯವರು ಗುರುವಾರ ಕಳಿಸಿದ್ದು ಅಂದಾನಪ್ಪನವರನ್ನು. ಗದಗ ಕಡೆಯ ಅಂತೂರ ಬೆಂತೂರದವರು. ಪೊಲೀಸ್ ಜಮಾದಾರರಾಗಿದ್ದು ನಿವೃತ್ತರಾಗಿ ಈಗ ಒಕ್ಕಲುತನ ಮಾಡಿಕೊಂಡಿದ್ದರು. ಗದಗಿನ ಬಸ್ಸಿನಿಂದ ಛತ್ರಿ, ಬುತ್ತಿಗಂಟು ಹಿಡಿದು ಇಳಿದವರು, ಮೊದಲು ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ತಿಂದರು. ಆಮೇಲೆ ಖೋಲಿಗೆ ಬಂದು ಬಿಳಿ ಗೆರೆಯ ಮೇಲೆ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತರು.

"ಅಂದ್ರ ಡಾಕ್ಟರ, ಈಗ ನನ್ನ ಎಡಗಾಲು ಮಡಿ, ಬಲಗಾಲು ಮೈಲಿಗಿ ಅನ್ರಿ?"

"ಹಂಗಲ್ಲರಿ. ಕಣ್ಣಿಗೆ ಕಾಣದ ಜಂತು ಇರತಾವ. ಅವು ದನದ ಕಡಿಂದ ಈ ಕಡಿ ಬರಬಾರದು."

"ಬಂದಾವಲ್ಲ ಮತ್ತ?"

"ಬಂದಾವ. ಇಂವನ ಮೈಮ್ಯಾಲ ಕುಂತು," ಎಂದು ಡಾಕ್ಟರು ಬಾಗಿಲಾಚೆ ನಿಂತ ಮರ್ದಾನಸಾಬನ ಕಡೆ ಕೈ ಮಾಡಿದರು. "ದನಕ್ಕ ಮೇವು ಹಾಕಾಂವನೂ ಇಂವನ, ಡಬ್ಬಿಗೆ ಬಟ್ಟಿ ತುಂಬಾಂವನೂ ಇಂವನ. ಇನ್ನೇನು ಪತ್ತೆ ಹಚ್ಚೂದದ?"

"ಏನೂ ಇಲ್ಲ ಬಿಡ್ರಿ. ಬಂದೀನಿ, ಕೇಳಿ ಹೋಗತೀನಿ." ಅಂದಾನಪ್ಪ ನನ್ನ ಕಡೆ ತಿರುಗಿದರು. "ಎಲ್ಲಾ ಬರಕೋ ತಂಗಿ. ಅವರು ಅಂದದ್ದ ಅಂದಂಗ. ನೀ ತಿದ್ದಬ್ಯಾಡ. ಕೆಮ್ಮಿದ್ರ ಕೆಮ್ಮಿದ್ದೂ ಬರಕೋ."

ಮೊದಲ ಹೇಳಿಕೆ ದ್ಯಾಮಪ್ಪನದು. ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

"ಗಾಯಕ್ಕ ಏನರ ಎಲಿ, ಬೇರು ಹಾಕಿದ್ದೇನಪಾ?"

"ಇಲ್ಲರಿ ಯಪ್ಪಾ."

"ಖರೆ ಹೇಳು. ನಾನೂ ಎತ್ತು ಕಟ್ಟಾಂವನ. ಕೈ ಸುಮ್ಮನ ಕುಂಡ್ರೂದಿಲ್ಲ."

"ಬಿಚ್ಚಿದ್ರಲ್ಲರಿ ಹಾಕೂದು? ಪಟ್ಟಿ ಕಟ್ಟಿ ಮ್ಯಾಲ ಡಾಂಬರ ಬಳದಿದ್ರು. ಶುಕ್ರಾರ ಡಾಕ್ಟರ ಕತ್ತರಿಸೂಮಟ ಡಾಂಬರ ಹಂಗ ಇತ್ತು. ಅವರನ್ನ ಕೇಳ್ರಿ."

ಡಾಕ್ಟರು ಹೌದೆಂದು ತಲೆಯಾಡಿಸಿದರು.

"ನಿನ್ನ ಎತ್ತಿಗೆ ಮೇವು ಏನು ತಂದಿದ್ದಿ?"

"ಜ್ವಾಳದ ಕಣಕಿ, ಸೇಂಗಾದ ಹೊಟ್ಟು."

"ಹುಲ್ಲು?"

ದ್ಯಾಮಪ್ಪ ಜಮಾದಾರರ ಮುಖವನ್ನೇ ನೋಡಿದ, ಚೇಷ್ಟೆ ಮಾಡುತ್ತಿದ್ದಾರೋ ಎಂಬಂತೆ. "ಈ ದಿನದಾಗ ಹುಲ್ಲ ಎಲ್ಲೈತ್ರಿ? ಮಳಿ ಬಿದ್ದದ್ದು ಹ್ವಾದ ವಾರ ಬುಧವಾರ, ಆಪರೇಶನ್ ಆದ ಮರುದಿನ. ಈಗ ಹದಾ ಆಗೈತಿ. ಎಲ್ಲಾರೂ ಬಿತ್ತಾಕ ಹೊಂಟಾರ. ನಾ ಒಂದ ಎತ್ತು ಹಿಡಕೊಂಡು ಇಲ್ಲಿ ಕುಂತೀನಿ."

ಎರಡನೆಯವನು ಮರ್ದಾನಸಾಬ. ಕುಂಡ್ರು ಎಂದರೂ ಕೂಡಲಿಲ್ಲ. ಅವನ ಹೆಂಡತಿ ಖಾತುನಬಿ ದೂರದ ತಮ್ಮ ಖೋಲಿಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಕೆಲಸ ಹೋದರೆ ಆ ಖೋಲಿಯೂ ಹೋಗುತ್ತದೆ. ಕುದುರೆಗಳಿದ್ದಾಗಿನಿಂದ ಅವರು ಅಲ್ಲೇ ಇದ್ದವರು.

"ಡಬ್ಬಿಗೆ ಬಟ್ಟಿ ತುಂಬಿದ್ದು ಎಂದ?"

"ಆಪರೇಶನ್ ಮುಂಚಿನ ಶನಿವಾರ್ರಿ ಸಾಹೇಬ್ರ. ತುಂಬಿ, ಮೂರು ತಾಸು ಹಬಿ ಕೊಟ್ಟು, ಕಪಾಟದಾಗ ಇಟ್ಟೆ."

"ಮತ್ತ ತೆರದಿ?"

"ತೆರದಿಲ್ರಿ. ಮಂಗಳವಾರ ಡಾಕ್ಟರ್ ಸಾಹೇಬ್ರ ತೆರದ್ರು."

"ನಡುವ ಖೋಲಿಯೊಳಗ ಹೋಗಿದ್ದಿಲ್ಲ?"

ಅವನು ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ.

"ಹೋಗಿದ್ದೆರಿ. ರವಿವಾರ, ದೀಪ ಹಚ್ಚೂ ಹೊತ್ತಿಗೆ. ಕೀಲಿ ಜಗ್ಗಿ ನೋಡಾಕ ಹೋಗಿ, ಬಾಗಲ ತೆರದು ಇಣಕಿದೆ. ಫರಸಿ ಮ್ಯಾಲ ಹೆಜ್ಜಿ ಮೂಡಿದ್ವು. ನೀರಿನ ಹೆಜ್ಜಿ."

"ಎಲ್ಲಿಂದ ಎಲ್ಲಿತನಕ?"

"ಮೂಡಣ ಬಾಗಲದಿಂದ ಕಪಾಟದ ತನಕ, ಮತ್ತ ವಾಪಸ್. ಬರಿಗಾಲಿನ್ವು. ಬಿಳಿ ಗೆರಿ ಕಡೆ ಹೋಗಿದ್ದಿಲ್ಲ. ನಾನ ಒರಸಿಬಿಟ್ಟೆ."

"ಅಂದ್ರ ಗೆರಿ ಈಚೆ ಬಂದಿದ್ದಿ!" ಡಾಕ್ಟರು ಎದ್ದೇ ನಿಂತರು. "ತಾನ ಬಾಯಿಬಿಟ್ಟ ನೋಡ್ರಿ. ಕೈಕಾಲು ತೊಳಕೊಂಡಿದ್ದೇನು?"

"ತೊಳಕೊಂಡಿದ್ದೆರಿ."

"ನನಗ ಯಾಕ ಹೇಳಲಿಲ್ಲ?"

"ಯಾರ ಕಾಲೋ ಏನೋ. ಹೇಳಿದ್ರ ಯಾರದರ ಅನ್ನಕ್ಕ ಕಲ್ಲು ಬೀಳತಿತ್ರಿ. ಮಳ್ಯಾಗ ತೊಯ್ಸಿಕೊಂಡು ಯಾರರ ಬಂದಿರಬೇಕು ಅಂದ್ಕೊಂಡೆ."

"ರವಿವಾರ ಮಳಿ ಇತ್ತೇನ?" ಎಂದು ಅಂದಾನಪ್ಪ ಮೆಲ್ಲಗೆ ಕೇಳಿದರು. "ದ್ಯಾಮಪ್ಪ ಬುಧವಾರ ಅಂದ."

"ನೆಪ್ಪಿಲ್ರಿ," ಎಂದ ಮರ್ದಾನಸಾಬ.

ಡೈರಿಯಲ್ಲಿ ನಾನು ದಿನಾ ಮೊದಲು ಬರೆಯುವುದು ಹವೆಯನ್ನೇ. ರವಿವಾರದ ಪುಟ ಕಣ್ಣಿಗೆ ಕಟ್ಟಿದಂತಿತ್ತು: 'ವಿಪರೀತ ಸೆಕೆ. ಮೋಡವಿಲ್ಲ.' ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳದೆ ಮಾತಾಡುವುದು ನನಗೆ ಬರುವುದಿಲ್ಲ.

ಮೂರನೆಯವರು ದತ್ತಾತ್ರಿ ಕಾಕಾ. ಪಟ್ಟಿ ಬಿಚ್ಚಿದ ಶುಕ್ರವಾರ ಅವರು ಔಷಧ ತರಲು ಗದಗಿಗೆ ಹೋಗಿದ್ದರು. ಸೀಸೆಯನ್ನು ಅವರು ನೋಡಿಯೇ ಇರಲಿಲ್ಲ. ಹುಲ್ಲು ಸಿಕ್ಕಿತೆಂದು ಕೇಳಿದ್ದರು, ಅಷ್ಟೇ.

"ಮರ್ದಾನಸಾಬ ಹೆಂಗ ಮನಷ್ಯಾ?"

"ಛಲೋ ಮನುಷ್ಯಾನರಿ. ಆದ್ರ ದನದ ಸಂಗಾಟ ಇರಾಂವ. ಮೈಮ್ಯಾಲ ಒಂದು ಕಡ್ಡಿ, ಒಂದು ಕಸಾ ಇರತದ. ಅವನ ತಪ್ಪಲ್ಲ, ಅವನ ಕೆಲಸಾನ ಅಂಥಾದ್ದು."

"ರವಿವಾರ, ಸ್ವಾಮಾರ ನೀವು ಇತ್ತ ಬಂದಿದ್ರೇನು?"

"ಸೋಮವಾರ ರಜಾ. ಮಣ್ಣೆತ್ತಿನ ಅಮಾಸಿ, ಮ್ಯಾಲ ಮುಂಜಾನೆ ಸೂರ್ಯಗ್ರಹಣ. ಹಿಂಗ ಒಂದು ಸಲ ಬಂದು ಎಲ್ಲಾ ನೆಟ್ಟಗದನೋ ಇಲ್ಲೋ ನೋಡಿ ಹೋದೆ."

"ಆ ಡಬ್ಬಿ ಮುಟ್ಟಿದ್ರಾ?"

ಕಾಕಾ ಬೆನ್ನು ನೆಟ್ಟಗೆ ಮಾಡಿದರು. "ಮೈಲಿಗಿ ಕೈಲೆ ಅದನ್ನ ಯಾರೂ ಮುಟ್ಟಿಲ್ಲರಿ. ಅದಕ್ಕ ನಾ ಜವಾಬ್ದಾರ."

"ಹಂಗಾರ ಆತು," ಎಂದರು ಅಂದಾನಪ್ಪ.

ನಾನು ಅಂದದ್ದನ್ನು ಅಂದಂತೆಯೇ ಬರೆದುಕೊಂಡೆ.

ಕಾಕಾ ಹೊರಗೆ ಹೋದ ಮೇಲೆ ಅಂದಾನಪ್ಪ ಸೀಸೆ ತರಿಸಿದರು. ಬಿಳಿ ಕಾಗದವೊಂದನ್ನು ನನ್ನ ಮುಂದೆ ಹಾಸಿ, ಹುಲ್ಲಿನ ಎಳೆಯನ್ನು ನೀರಿನಲ್ಲಿ ಅದ್ದಿ ತೊಳೆದು ಅದರ ಮೇಲಿಟ್ಟರು.

"ಇದು ಹೆಂಗೈತಿ ಬರಿ ತಂಗಿ. ಉದ್ದ ಒಂದು ಗೇಣು. ಒಣಗಿದ್ದು. ಚಪ್ಪಟ." ಹೆಬ್ಬೆರಳಿನಿಂದ ಅಂಚನ್ನು ಸವರಿ ಕೈ ಹಿಂದಕ್ಕೆ ತೆಗೆದರು. "ಅಬಬಾ, ಗರಗಸ! ಇದನ್ನ ಯಾವ ದನಾನೂ ತಿನ್ನೂದಿಲ್ಲ ಡಾಕ್ಟರ. ನಾಲಿಗಿ ಸೀಳತೈತಿ. ಮತ್ತ ನೋಡ್ರಿ, ಬುಡಾನೂ ಐತಿ, ತುದೀನೂ ಐತಿ. ಮೇವಿನ ಕಡ್ಡಿ ಆಗಿದ್ರ ಕುಡಗೋಲಿನ ಗಾಯ ಇರತಿತ್ತು, ತುಳದು ಚೂರಾಗಿರತಿತ್ತು. ಇದನ್ನ ಯಾರೋ ಬುಡಾ ಸಮೇತ ಕಿತ್ತು, ಜ್ವಾಕಿಲೆ ಇಟ್ಟಾರ. ಮೇವಲ್ಲ, ಕಸಾನೂ ಅಲ್ಲ. ಏನು ಅಂಬೂದು ಮಾತ್ರ ನನಗ ತಿಳೀವಲ್ದು."

"ದನದ ದವಾಖಾನಿ. ಹುಲ್ಲು ಅಂದ್ರ ಹುಲ್ಲು," ಎಂದರು ಡಾಕ್ಟರು. ಅವರು ಪುಣೆಯಲ್ಲಿ ಕಲಿತವರು, ಗ್ರಹಣವನ್ನು ಕಪ್ಪು ಗಾಜಿನಲ್ಲಿ ನೋಡಿದವರು. ಅಂದಾನಪ್ಪನವರ ಮನೆಯಲ್ಲಿ ಲಿಂಗಪೂಜೆ. ಗ್ರಹಣದ ಗೊಡವೆ ಇಲ್ಲ.

ನಾನು ಕಾಗದದ ಕಡೆ ನೋಡಿದೆ.

ತುದಿ ಸೂಜಿಯಂತಿತ್ತು, ಒಂದಿಷ್ಟೂ ಮುರಿದಿರಲಿಲ್ಲ. ತುದಿ ಮುರಿದದ್ದು ಬರುವುದಿಲ್ಲ. ಅವ್ವ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಆರಿಸುವುದನ್ನು ನಾನು ಸಣ್ಣವಳಿದ್ದಾಗಿನಿಂದ ಕಂಡಿದ್ದೇನೆ. ಗ್ರಹಣದ ಹಿಂದಿನ ಆ ರವಿವಾರವೂ ನನ್ನನ್ನು ದತ್ತಾತ್ರಿ ಕಾಕಾನ ಮನೆಗೆ ಕಳಿಸಿದ್ದಳು. ನಮ್ಮ ಓಣಿಗೆಲ್ಲ ಅವರೇ ಕೊಡುವವರು. ಉಪ್ಪಿನಕಾಯಿ ಭರಣಿಗೆ ಒಂದು, ತುಪ್ಪದ ಗಡಿಗೆಗೆ ಒಂದು, ನೀರಿನ ಕೊಡಕ್ಕೆ ಒಂದು.

ಹೇಳಿದರೆ ಕಾಕಾ. ನನ್ನನ್ನು ಎತ್ತಿ ಆಡಿಸಿದ ಕಾಕಾ. ಅವ್ವನ ಪೂಜೆಗೆ ದಿನಾ ಹೂ ಕಳಿಸುವ ಕಾಕಾ. ಹೇಳದಿದ್ದರೆ, ಅಲ್ಲಿ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತ ಖಾತುನಬಿ.

ಮತ್ತೆ ಮೂಡಣ ಗೋಡೆ ಕಣ್ಣಿಗೆ ಬಿತ್ತು. ದುಂಡಗಿನ ಕೆಂಪು ಅಕ್ಷರ. ಬರೆದವಳು ನಾನೇ.

ದಫ್ತರದ ಪುಟ ತಿರುವಿ ಬರೆದೆ: 'ಹೇಳಿಕೆ ನಾಲ್ಕು. ಹೇಳುವವಳು ಯಮುನಾ, ಕಾರಕೂನಳು.' ಅರ್ಧ ಪುಟವಾಯಿತು. ಅಂದಾನಪ್ಪನವರ ಮುಂದೆ ಸರಿಸಿದೆ.

ಅವರು ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ದಫ್ತರ ಮುಚ್ಚಿ, "ಎಲ್ಲಾರನ್ನೂ ಖೋಲಿಗೆ ಕರೀರಿ," ಎಂದರು.

ಎಲ್ಲರೂ ಬಂದರು. ಮರ್ದಾನಸಾಬ ಪಡುವಣಕ್ಕೆ ನಿಂತ, ದ್ಯಾಮಪ್ಪ ಅವನ ಪಕ್ಕಕ್ಕೆ. ಕಾಕಾ ಕಾಲು ತೊಳೆದುಕೊಂಡು ಮೂಡಣಕ್ಕೆ ಬಂದರು.

"ಕಾಕಾ," ಎಂದರು ಅಂದಾನಪ್ಪ, ಕಾಗದವನ್ನು ಅಂಗೈಯಲ್ಲಿ ಹಿಡಿದು, "ನಮ್ಮ ಊರಾಗ ಒಂದು ಆಕಳ ಮೇವ ತಿನ್ನವಲ್ದು. ಇದನ್ನ ಹಾಕೀನು ಅಂತೀನಿ. ತಿಂದೀತೇನ್ರಿ?"

ಕಾಕಾ ಬಗ್ಗಿ ನೋಡಿದರು. ಕೂಡಲೇ ಮುಖ ಸಿಂಡರಿಸಿದರು.

"ಛೇ ಛೇ! ದರ್ಭಿ ತಂದು ದನಕ್ಕ ಹಾಕತಾರೇನ್ರಿ ಜಮಾದಾರರ? ಏನು ಮಂದಿ ನೀವು!"

"ದರ್ಭಿ ಏನಿದು?"

"ದರ್ಭಿ ಅಲ್ಲದ ಮತ್ತೇನು? ತುದಿ ಸೈತ ಹಂಗ ಅದ. ನಮ್ಮ ಹಳ್ಳದ್ದ ಇದು. ಎಲ್ಲಿ ಸಿಕ್ಕತು?"

"ಎತ್ತಿನ ಕೊಂಬಿನ ಗಾಯದೊಳಗ."

ಕಾಕಾನ ಕೈ ತಾನಾಗಿ ಜನಿವಾರದ ಕೀಲಿಗೆ ಹೋಯಿತು.

"ನಾ... ಎಲ್ಲಾ ತಗದಿದ್ದೆನಲ್ಲ," ಎಂದರು ಕೊನೆಗೆ.

"ಏನೇನು ಹಾಕಿದ್ರಿ, ಏನೇನು ತಗದ್ರಿ? ಸಾವಕಾಶ ಹೇಳ್ರಿ."

"ಡಾಕ್ಟರ ಹೇಳತಿದ್ರಲ್ಲ, ಆ ಡಬ್ಬಿ ಮಡಿಯೊಳಗ ಅದ ಅಂತ? ಗೋಡಿ ಮ್ಯಾಲೂ ಬರದದ. ಮಡಿ ಪದಾರ್ಥನ ಗ್ರಹಣದಾಗ ಹಂಗ ಬಿಡತಾರೇನು? ಕೆಡತದಲ್ಲ! ರವಿವಾರ ಸಂಜೀಕ ಸ್ನಾನಾ ಮಾಡಿ, ಒದ್ದಿ ಪಂಜಿಲೆ ಬಂದು, ಹಂಡೇಕಷ್ಟು ಡಬ್ಬೀಗಷ್ಟು ದರ್ಭಿ ಹಾಕಿದೆ. ಸೋಮವಾರ ಗ್ರಹಣ ಬಿಟ್ಟ ಮ್ಯಾಲ ಮತ್ತ ಸ್ನಾನಾ ಮಾಡಿ ಬಂದು ತಗದೆ. ಒಂದು ಎಳಿ ಬಟ್ಟಿ ಮಡಿಕ್ಯಾಗ ಜಾರಿರಬೇಕು. ಆದ್ರ ಡಾಕ್ಟರ, ದರ್ಭಿ! ಅದರಿಂದ ಕೆಡತದಂದ್ರ—"

"ಒಂದು ಎಳಿ ಉಳದದ್ದಲ್ಲ ಕಾಕಾ," ಎಂದರು ಡಾಕ್ಟರು. ದನಿ ಬಿದ್ದುಹೋಗಿತ್ತು. "ಮುಚ್ಚಳ ತೆರದ ಗಳಿಗಿಗೇ ಕೆಟ್ಟಿತ್ತು. ನಿಮ್ಮ ಕೈಯಾಗ ಬಾವಿ ನೀರು, ದರ್ಭಿ ಬುಡದಾಗ ಹಳ್ಳದ ಮಣ್ಣು. ಅದನ್ನ ನಾನು ನನ್ನ ಕೈಯಾರೆ ಗಾಯದಾಗ ತುಂಬಿ, ಮ್ಯಾಲ ಡಾಂಬರ ಬಳದೆ."

ಅಂದಾನಪ್ಪ ಛತ್ರಿಯ ಮೇಲೆ ಎರಡೂ ಕೈ ಊರಿದರು.

"ಡಾಕ್ಟರ, ನಾವೆಲ್ಲಾ ಹುಲ್ಲು ಕಂಡು ದನಾ ನೆನಸಿದ್ವಿ. ದನಾ ನೆನಸಿ ದನಾ ಕಾಯಾಂವನ್ನ ಹಿಡದ್ವಿ. ಮೂರು ಮಾತು ಕಿವಿಮ್ಯಾಲ ಬಿದ್ರೂ ಬಿಟ್ಟಬಿಟ್ವಿ. ಮಳಿ ಇಲ್ಲದ ಹುಲ್ಲಿಲ್ಲ ಅಂತ ದ್ಯಾಮಪ್ಪ ಅಂದ. ನೀರಿನ ಹೆಜ್ಜಿ ಅಂತ ಮರ್ದಾನಸಾಬ ಅಂದ. ರವಿವಾರ ಮಳಿ ಇದ್ದಿದ್ದಿಲ್ಲ, ಈ ತಂಗಿ ಅವತ್ತ ಡೈರಿಯೊಳಗ ಬರದಿಟ್ಟಾಳ. ಮಳಿ ಇಲ್ಲದ ದಿನಾ ತೊಯ್ಸಿಕೊಂಡು, ಅದೂ ದನದ ಕಡೆ ಹಾಯದ, ನೆಟ್ಟಗ ಕಪಾಟಕ್ಕ ಯಾರು ಬರತಾರ? ಇನ್ನ ಮೂರನೇ ಮಾತು ಕಾಕಾಂದು. 'ಮುಟ್ಟಿಲ್ಲ' ಅನ್ನಲಿಲ್ಲ ಅವರು. 'ಮೈಲಿಗಿ ಕೈಲೆ ಮುಟ್ಟಿಲ್ಲ' ಅಂದ್ರು. ಸುಳ್ಳಲ್ಲ ಅದು. ನಾವು ಕೇಳಿದ್ದ ಬ್ಯಾರೆ, ಅವರು ಹೇಳಿದ್ದ ಬ್ಯಾರೆ. ನಾನಂತೂ 'ಆತು' ಅಂದು ಮುಂದ ಹೋದೆ. ಈ ತಂಗಿ ಅಕ್ಷರಾ ಬಿಡದ ಬರಕೊಂಡಿದ್ಲು."

ಅವರು ನನ್ನ ಕಡೆ ತಿರುಗಿದರು.

"ಬರಿ ತಂಗಿ. ಡಬ್ಬಿ ತೆರದ ಕೈ ದತ್ತಾತ್ರಿ ಕಂಪೌಂಡರದು. ಕೆಡಸಬೇಕಂತ ತೆರದದ್ದಲ್ಲ, ಕಾಯಬೇಕಂತ ತೆರದದ್ದು. ಮುಚ್ಚಳಕ್ಕ ಒಂದು ಚೀಟಿ ಅಂಟಿಸಿ ಸಹಿ ಹಾಕದ ಬಿಟ್ಟದ್ದು ಡಾಕ್ಟರ ತಪ್ಪು. ಮರ್ದಾನಸಾಬಂದು ಏನೂ ತಪ್ಪಿಲ್ಲ. ಆತಲ್ಲ, ಮುಗೀತು."

"ಇನ್ನೊಂದದರಿ," ಎಂದೆ.

ನನ್ನ ದನಿ ನನಗೇ ಹೊಸದೆನಿಸಿತು. ಎಲ್ಲರೂ ತಿರುಗಿದರು.

"ನಿನ್ನ ಹೇಳಿಕಿಯೊಳಗ ಕೊನೀ ಸಾಲು ಐತಿ, ಓದೀನಿ," ಎಂದರು ಅಂದಾನಪ್ಪ. "ಅದನ್ನ ಬಿಡತೀನಿ ಅಂತಿದ್ದೆ."

"ಬಿಡಬ್ಯಾಡ್ರಿ. ಮಡಿ ಅನ್ನೂ ಆ ಶಬ್ದಾ ಹುಡುಕಿದಾಕಿ ನಾನು. ಡಾಕ್ಟರ ಬಾಯಾಗ ಬಂದದ್ದೂ ನನ್ನಿಂದನ. ಕಾಕಾ ಓದಿಕೊಂಡು ನಡದ್ರು, ಅಷ್ಟ."

ಕಾಕಾ ನನ್ನನ್ನೇ ನೋಡಿದರು. ಸಿಟ್ಟಿತ್ತೋ ಏನೋ, ನಾನು ಗೋಡೆ ನೋಡುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರು ದ್ಯಾಮಪ್ಪನನ್ನು ಕರೆದರು.

"ನಮ್ಮ ಕಳಸಾಪುರದ ಹೊಲಾ ಬಿತ್ತೂದು ನಿನ್ನೇ ಮುಗದದ. ಎತ್ತಿನ ಜೋಡಿ ಖಾಲಿ ಅದ. ನಿಂದು ಬಿತ್ತೂದು ಮುಗಿಯೂಮಟ ಹೊಡಕೊಂಡು ಹೋಗು. ಆಮ್ಯಾಲ ಅದರಾಗ ಒಂದು ನಿನ್ನಲ್ಲೇ ಇರಲಿ."

"ಯಾವುದ್ರಿ?" ಎಂದ ದ್ಯಾಮಪ್ಪ, ನಂಬದವನಂತೆ.

"ಯಾವುದರ ಹಿಡಕೋ ಮಾರಾಯಾ, ನನ್ನ ಯಾಕ ಕೇಳತಿ?"

ಡಾಕ್ಟರು ಮರ್ದಾನಸಾಬನ ಮುಂದೆ ಹೋಗಿ ನಿಂತರು. "ಆ ಪತ್ರಾ ನಾ ಹರದು ಹಾಕಸ್ತೀನಿ," ಎಂದರು.

"ಹರೀಬ್ಯಾಡ್ರಿ ಸಾಹೇಬ್ರ, ಇರ್ಲಿ. ನನ್ನ ಹೆಸರು ಅಷ್ಟು ದುಂಡಗ ಯಾರೂ ಬರದಿದ್ದಿಲ್ಲ," ಎಂದು ಮರ್ದಾನಸಾಬ ನನ್ನ ಕಡೆ ನೋಡಿ ನಕ್ಕ. ನನಗೆ ನಗು ಬರಲಿಲ್ಲ.

ಆ ಸಂಜೆಯೇ ಸೀಮೆಎಣ್ಣೆಯ ಚಿಂದಿಯಿಂದ ಗೋಡೆ ಉಜ್ಜಿದೆ. 'ಮೈಲಿಗೆ' ಬೇಗ ಹೋಯಿತು. 'ಮಡಿ' ಹೋಗಲು ತಡವಾಯಿತು. ಅಲ್ಲಿ ಏನು ಬರೆಯಬೇಕು ಎಂದು ಡಾಕ್ಟರು, ಅಂದಾನಪ್ಪ, ನಾನು ಮೂವರೂ ತಲೆ ಕೆರೆದುಕೊಂಡೆವು. 'ಶುದ್ಧ' ಎಂದರು ಡಾಕ್ಟರು. ಅದೂ ಅಲ್ಲಿಗೇ ಬರುತ್ತದೆ ಎಂದು ತಾವೇ ಬಿಟ್ಟರು. 'ನಿರ್ಜಂತುಕ' ಎಂದೆ ನಾನು. "ಅದನ್ನ ಓದಾಕ ನಾ ಇನ್ನೊಂದು ಸಲ ಸಾಲಿಗೆ ಹೋಗಬೇಕು," ಎಂದರು ಅಂದಾನಪ್ಪ.

ಮರ್ದಾನಸಾಬ ಹಂಡೆ ತಿಕ್ಕುತ್ತಿದ್ದ. ಕೈ ನಿಲ್ಲಿಸದೆ ಹೇಳಿದ: "ಕುದ್ದದ್ದು ಅಂತ ಬರೀರಲ್ಲ. ಕುದಿಸಿ ಮುಚ್ಚೈತಿ, ತೆರದ್ರ ಮತ್ತ ಕುದಿಸ್ರಿ. ನಾ ದಿನಾ ಮಾಡೂದು ಅದನ್ನ ಅಲ್ಲೇನು?"

ಹಾಗೇ ಬರೆದೆ: 'ಕುದಿಸಿ ಮುಚ್ಚಿದ್ದು. ತೆರೆದರೆ ಮತ್ತೆ ಕುದಿಸಿರಿ.' ಸಾಲು ಉದ್ದವಾಗಿ ಕಪಾಟಿನ ಹಿಂದೆ ಸ್ವಲ್ಪ ಮರೆಯಾಯಿತು. ಮರುದಿನ ಕಪಾಟು ಸರಿಸಿದರು.

ಆ ಸಂಜೆಯೇ, ಇನ್ನು ಮುಂದೆ ಖೋಲಿಗೆ ಮರ್ದಾನಸಾಬ ಒಬ್ಬನೇ ಜವಾಬ್ದಾರ, ಕೀಲಿ ಎರಡೂ ಅವನ ಹತ್ತಿರವೇ ಎಂದು ಅಂದಾನಪ್ಪ ಬರೆಸಿ ಸಹಿ ಹಾಕಿ, ಕೊನೆಯ ಬಸ್ಸಿಗೆ ಹೊರಟರು. ಕಾಕಾ ಜನಿವಾರದ ಗಂಟು ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡರು. ಕೀಲಿ ಬಿಚ್ಚಿತು. ಮರ್ದಾನಸಾಬ ರೂಢಿಯಂತೆ ಬೊಗಸೆ ಕೆಳಗೆ ಹಿಡಿದು ಕಾದ.

ಮೇಲಿನಿಂದ ಏನೂ ಬೀಳಲಿಲ್ಲ.

ಕಾಕಾ ಬಗ್ಗಿ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು. ನಾನು ನೋಡಿದ್ದನ್ನು ಕಂಡು ಗೊಣಗಿದರು:

"ಏನು ನೋಡತಿ ಯಮುನಾ? ಹೆಂಗೂ ಮನೀಗೆ ಹೋಗಿ ಸ್ನಾನಾ ಮಾಡಾಂವ ಇದ್ದೀನಿ."